ಬಾಲಂಗೋಚಿ ಇನ್ನೂ ಬಂದಿಲ್ಲ

ಬೆಳಗಿನ ಐದೂಕಾಲು. ಶಾಲೆಯ ಜಗಲಿಯಲ್ಲಿ ಗೋಡೆಗೊರಗಿಸಿಟ್ಟ ಮೂವತ್ನಾಲ್ಕು ಸೈಕಲ್‌ಗಳ ಚಕ್ರಗಳನ್ನು ಒಬ್ಬರು ಒಂದೊಂದಾಗಿ ಹೆಬ್ಬೆರಳಿನಿಂದ ಅದುಮಿ ನೋಡುತ್ತಿದ್ದಾರೆ. ಗಾಳಿ ಅಳೆಯುವ ಮೀಟರ್ ಚೀಲದಲ್ಲೇ ಇದೆ, ಆದರೆ ಬೆರಳಿನ ಮೇಲೆ ಇರುವ ನಂಬಿಕೆ ಅದರ ಮೇಲಿಲ್ಲ. ಸವಾರರು ಒಳಗೆ ಇನ್ನೂ ಗೊರಕೆ ಹೊಡೆಯುತ್ತಿದ್ದಾರೆ. ಹನ್ನೊಂದು ದಿನಗಳ ಸೈಕಲ್ ಪಯಣದಲ್ಲಿ ಇಂದು ಆರನೆಯ ದಿನ, ಎಲ್ಲರೂ ಹೆದರುವ ದಿನ. ನಲವತ್ತೊಂದು ಕಿಲೋಮೀಟರ್, ಇಪ್ಪತ್ತೇಳು ತಿರುವು, ಎಲ್ಲವೂ ಏರು.

ವರ್ಷವಿಡೀ ಪುಟ್ಟ ಅಂಗಡಿಯೊಂದರಲ್ಲಿ ಪಂಕ್ಚರ್ ಹಾಕುವ ಐವತ್ತೆಂಟರ ಈ ಮನುಷ್ಯನನ್ನು ತಂಡದವರೆಲ್ಲ ಕರೆಯುವುದು ಬಾಲಂಗೋಚಿ ಎಂದು. ಗಾಳಿಪಟ ಮೇಲೇರಿದಾಗ ಬಾಲಂಗೋಚಿಯನ್ನು ಯಾರೂ ಹೊಗಳುವುದಿಲ್ಲ, ಅದಿಲ್ಲದಿದ್ದರೆ ಪಟ ಲಾಗ ಹೊಡೆಯುತ್ತದೆ. ಇವರ ಕೆಲಸ ಹೇಳುವುದಕ್ಕೆ ಸುಲಭ: ಎಲ್ಲರ ಹಿಂದೆ ಹೋಗಬೇಕು. ಮುಂದಿನವರು ಎಷ್ಟೇ ನಿಧಾನವಾಗಿರಲಿ, ದಾಟಕೂಡದು. ಅವರು ನಿಂತರೆ ನಿಲ್ಲಬೇಕು, ಇಳಿದರೆ ಇಳಿಯಬೇಕು. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ.

"ಜೋರಾಗಿ ತುಳಿಯೋದು ಯಾರಿಗಾದ್ರೂ ಬರುತ್ತೆ. ಏರಲ್ಲಿ ನಿಧಾನಕ್ಕೆ, ಬೀಳದ ಹಾಗೆ ತುಳೀತಾ ಇರೋದಿದೆಯಲ್ಲ, ಅದಕ್ಕೆ ಕಾಲೊಂದಿದ್ರೆ ಸಾಲಲ್ಲ" ಎನ್ನುತ್ತಾ ಊದಿಕೊಂಡ ಎಡಮೊಣಕಾಲಿಗೆ ಬಟ್ಟೆ ಬಿಗಿಯುತ್ತಾರೆ.

ಹೊರಡುವ ಮುನ್ನ ಒಂದು ಪದ್ಧತಿ ಉಂಟು. ಮೊಳೆ ಹೊಡೆದ ಹಲಗೆಯಿಂದ ಪ್ರತಿಯೊಬ್ಬರೂ ತಮ್ಮ ನಂಬರಿನ ತಗಡಿನ ಬಿಲ್ಲೆಯನ್ನು ತೆಗೆದುಕೊಂಡು ಕೊರಳಿಗೆ ಹಾಕಿಕೊಳ್ಳುತ್ತಾರೆ. ಹಲಗೆ ಬಸ್ಸಿನಲ್ಲಿ ಮೊದಲೇ ಬೆಟ್ಟದ ತುದಿ ಸೇರುತ್ತದೆ. ತಲುಪಿದವರು ಬಿಲ್ಲೆಯನ್ನು ಅದೇ ಮೊಳೆಗೆ ತೂಗುಹಾಕಬೇಕು. ಕೊನೆಯ ಮೊಳೆ ಬಾಲಂಗೋಚಿಯದು.

ಹದಿನಾಲ್ಕನೆಯ ತಿರುವಿನಲ್ಲಿ ಅವರ ಹೆಂಡತಿ ವ್ಯಾನ್ ನಿಲ್ಲಿಸಿಕೊಂಡು ನೀರು, ಬಾಳೆಹಣ್ಣು ಕೊಡುತ್ತಾರೆ. ಗಂಡನ ಬಗ್ಗೆ ಕೇಳಿದರೆ ನಗುತ್ತಾರೆ. "ನಮ್ಮ ಮದುವೆ ದಿನಾನೂ ಇವರೇ ಕೊನೇಲಿ ಬಂದಿದ್ದು. ದಾರೀಲಿ ಯಾರದೋ ಸೈಕಲ್ ಚೈನ್ ಬಿದ್ದಿತ್ತಂತೆ."

ಇಂದೂ ಚೈನಿನ ಕಥೆಯೇ. ಹತ್ತನೆಯ ತಿರುವಿನಲ್ಲಿ ಒಬ್ಬರ ಚೈನ್ ತುಂಡಾಗಿ, ಅದನ್ನು ಜೋಡಿಸಿ ಅವರ ಬೆನ್ನಿಗೇ ಹತ್ತಿ ಬರುವಷ್ಟರಲ್ಲಿ ಮಧ್ಯಾಹ್ನವಾಗಿದೆ. ವ್ಯಾನಿನ ಬಳಿ ಇವರು ನೀರು ಕುಡಿಯುವ ಮೊದಲು ಕೇಳುವುದು ಒಂದೇ ಮಾತು.

"ಎಷ್ಟು ಜನ ಆದ್ರು?"

"ಮೂವತ್ತೆರಡು."

ತಮ್ಮನ್ನು ಬಿಟ್ಟು ಆಗಬೇಕಾದದ್ದು ಮೂವತ್ಮೂರು. ಹೆಂಡತಿ ಹೆಸರುಪಟ್ಟಿಯ ಮೇಲೆ ಬೆರಳಾಡಿಸುತ್ತಾರೆ. ನಿವೃತ್ತ ಟೀಚರಮ್ಮ ಬಂದಿಲ್ಲ. ಬಾಳೆಹಣ್ಣು ಸುಲಿಯುತ್ತಿದ್ದ ಸವಾರನೊಬ್ಬ ನಡುವೆ ಬಾಯಿ ಹಾಕುತ್ತಾನೆ: "ಅವರು ನೀರಿಗೂ ನಿಲ್ಲದೆ ಮುಂದೆ ಹೋದ್ರು, ನಾನೇ ನೋಡಿದ್ನಲ್ಲ!"

ಆ ಮಾತಿಗೆ ಬಾಲಂಗೋಚಿಯ ಮುಖ ಕಪ್ಪಿಡುತ್ತದೆ. ಹನ್ನೊಂದು ವರ್ಷದ ಹಿಂದೆ, ಇದೇ ಬೆಟ್ಟದಲ್ಲಿ, ಮಂಜಿನಲ್ಲಿ, ಕಾಣದಾದ ಸವಾರರೊಬ್ಬರ ಬಗ್ಗೆ ಇದೇ ಮಾತನ್ನು ಯಾರೋ ಹೇಳಿದ್ದರು. ಇವರು ನಂಬಿ ಮುಂದೆ ಹೋಗಿದ್ದರು. ಆ ಸವಾರ, ವೃತ್ತಿಯಿಂದ ದರ್ಜಿ, ತೊಡೆಮೂಳೆ ಮುರಿದುಕೊಂಡು ರಸ್ತೆ ಪಕ್ಕದ ಚರಂಡಿಯಲ್ಲಿ ನಾಲ್ಕು ಗಂಟೆ ಬಿದ್ದಿದ್ದರು. ಹೊಲಿಗೆ ಯಂತ್ರ ತುಳಿಯುವ ಕಾಲು ಮತ್ತೆ ಮೊದಲಿನಂತಾಗಲಿಲ್ಲ. "ಅವರ ಕೂಗು ನನಗೆ ಕೇಳಿಸಿರಬೇಕಿತ್ತು. ಮೇಲೆ ಕೂತು ನಾನು ಊಟ ಮಾಡ್ತಿದ್ದೆ" ಎಂದು ಹೇಳುವಾಗ ಇಂದಿಗೂ ಅವರು ಎದುರಿಗಿದ್ದವರ ಮುಖ ನೋಡುವುದಿಲ್ಲ.

ಸೈಕಲ್ ತಿರುಗಿಸುತ್ತಾರೆ. ಹೆಂಡತಿ "ಮೊಣಕಾಲು..." ಎನ್ನುವಷ್ಟರಲ್ಲಿ "ವ್ಯಾನಲ್ಲಿ ಹೋದ್ರೆ ಚರಂಡಿ ಕಾಣಲ್ಲ ಕಣೆ" ಎಂದು ಇಳಿದೇಬಿಡುತ್ತಾರೆ. ಬೆವರು ಸುರಿಸಿ ಏರಿದ ತಿರುವುಗಳನ್ನು ಒಂದೊಂದಾಗಿ ಕಳೆದುಕೊಳ್ಳುತ್ತಾ, ಪ್ರತಿ ತಿರುವಿನಲ್ಲೂ ನಿಂತು ಚರಂಡಿ ಇಣುಕುತ್ತಾ, ಕೂಗುತ್ತಾ.

ಒಂಬತ್ತನೆಯ ತಿರುವಿನ ಮೋರಿಯ ಗೋಡೆಯ ಹಿಂದೆ, ಹುಲ್ಲಿನಲ್ಲಿ ಒಂದು ಸೈಕಲ್ ಮಲಗಿದೆ. ಪಕ್ಕದಲ್ಲಿ ಟೀಚರಮ್ಮ ಕುಳಿತಿದ್ದಾರೆ. ಬಿದ್ದಿಲ್ಲ, ಗಾಯವಾಗಿಲ್ಲ. ಅಡಗಿ ಕುಳಿತಿದ್ದಾರೆ, ಅರವತ್ಮೂರನೆಯ ವಯಸ್ಸಿನಲ್ಲಿ!

"ಐದು ದಿನದಿಂದ ಬೆನ್ನ ಹಿಂದೆ ನಿಮ್ಮ ಚಕ್ರದ್ದೇ ಸದ್ದು" ಎಂದು ಅವರು ಸೆರಗಿಲ್ಲದ್ದರಿಂದ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಳ್ಳುತ್ತಾರೆ. "ನನ್ನ ದೆಸೆಯಿಂದ ನೀವೂ ಇರುವೆ ಥರ ಹೋಗ್ಬೇಕು. ನಾಚಿಕೆ ಆಯ್ತು. ತಿರುವಲ್ಲಿ ನಿಮ್ಮ ಕಣ್ಣಿಗೆ ಮರೆಯಾದ ಕೂಡ್ಲೇ ಇಲ್ಲಿ ಬಂದು ಕೂತೆ. ನೀವು ಮುಂದೆ ಹೋಗ್ಬಿಡಿ, ಆಮೇಲೆ ನನ್ನ ಪಾಡಿಗೆ ನಾನು ಬರೋಣ ಅಂತ..."

ಬಾಲಂಗೋಚಿ ಮೋರಿಯ ಮೇಲೆ ಕುಸಿದು ಕೂರುತ್ತಾರೆ. ಬಾಟಲಿಯ ಮುಚ್ಚಳ ತೆಗೆಯಲೂ ಆಗುತ್ತಿಲ್ಲ.

"ಜೀವ ಬಾಯಿಗೆ ಬಂದಿತ್ತು ಅಮ್ಮಾ. ಬೈಬೇಕು ಅಂತಿದ್ದೀನಿ, ಬಾಯೇ ಬರ್ತಿಲ್ಲ." ಬಾಟಲಿಯನ್ನು ಆಕೆಯ ಕೈಗೆ ಕೊಟ್ಟು ಹೇಳುತ್ತಾರೆ: "ಕೊನೆಯವರು ನೀವಲ್ಲ. ಕೊನೇ ಜಾಗ ನಂದು. ಅದೊಂದನ್ನ ಮಾತ್ರ ಕಿತ್ಕೋಬೇಡಿ."

"ವ್ಯಾನ್ ಕರೀಲಾ?" ಎಂದರೆ ಆಕೆ ತಲೆಯಲ್ಲಾಡಿಸುತ್ತಾರೆ. "ಹಾಗಾದ್ರೆ ಏಳಿ. ತುಳಿಯೋಕಾದಷ್ಟು ತುಳಿಯಿರಿ, ಆಗದಾಗ ತಳ್ಳೋಣ. ಬೆಟ್ಟ ಎಲ್ಲೂ ಓಡಿಹೋಗಲ್ಲ."

ಹದಿನೆಂಟು ತಿರುವು. ತುಳಿದದ್ದಕ್ಕಿಂತ ತಳ್ಳಿದ್ದೇ ಹೆಚ್ಚು. ಇಪ್ಪತ್ತನೆಯ ತಿರುವಿನ ನಂತರ ಬಾಲಂಗೋಚಿ ಕುಂಟತೊಡಗುತ್ತಾರೆ. ಆದರೂ ಅವರ ಮುಂದಿನ ಚಕ್ರ ಆಕೆಯ ಹಿಂದಿನ ಚಕ್ರವನ್ನು ಒಂದು ಗೇಣೂ ದಾಟುವುದಿಲ್ಲ. ಏನಾದರೂ ಆಸೆ ಇದೆಯೇ ಎಂದು ಇವರನ್ನು ಕೇಳಿದರೆ ಸಿಗುವ ಉತ್ತರ ಇಷ್ಟೇ: "ಒಂದು ಸಲ, ಟೀ ಬಿಸಿ ಇರೋವಾಗ ತುದಿ ತಲುಪಬೇಕು." ಇಂದೂ ಅದು ಈಡೇರುವಂತಿಲ್ಲ.

ಐದೂವರೆಗೆ ತುದಿ. ಮಂಜು ಇಳಿದಿದೆ. ಸವಾರರೆಲ್ಲ ವಸತಿಗೃಹದೊಳಗೆ ಕಂಬಳಿ ಹೊದ್ದು ಕುಳಿತಾಗಿದೆ. ಹೊರಗೆ, ಹಲಗೆಯ ಪಕ್ಕ, ಕೋಲೂರಿಕೊಂಡು ಒಬ್ಬರೇ ನಿಂತಿದ್ದಾರೆ. ಅದೇ ದರ್ಜಿ. ಕಾಲು ಕೂಡಿಕೊಂಡ ಮರುವರ್ಷದಿಂದ ಪ್ರತಿ ಸಲ ಈ ದಿನ ಹಲಗೆಯೊಂದಿಗೆ ಬಸ್ಸಿನಲ್ಲಿ ಬರುತ್ತಾರೆ. ಚಳಿ, ಒಳಗೆ ಬನ್ನಿ ಎಂದು ಎರಡು ಸಲ ಕರೆದವರಿಗೂ ಅವರದು ಒಂದೇ ಉತ್ತರವಂತೆ: "ಬಾಲಂಗೋಚಿ ಇನ್ನೂ ಬಂದಿಲ್ಲ."

ಟೀಚರಮ್ಮ ಬಿಲ್ಲೆ ತೂಗುಹಾಕಿ, ಮೊಳೆಯನ್ನು ಒಮ್ಮೆ ಸವರಿ ಒಳಗೆ ಹೋಗುತ್ತಾರೆ. ಉಳಿದದ್ದು ಒಂದು ಮೊಳೆ.

"ಬಂದ್ಯಾ?" ಎನ್ನುತ್ತಾರೆ ದರ್ಜಿ.

"ಬಂದೆ ಅಣ್ಣ."

"ಹಿಂದೆ ಯಾರಾದ್ರೂ ಇದ್ದಾರಾ?"

ಮೂವತ್ಮೂರು ಬಿಲ್ಲೆಗಳು ಕಣ್ಣೆದುರಿಗೇ ತೂಗುತ್ತಿವೆ. ಆದರೂ ಬಾಲಂಗೋಚಿ ಹಿಂದೆ ತಿರುಗಿ, ಏರಿ ಬಂದ ರಸ್ತೆಯನ್ನು ಮಂಜಿನೊಳಗೆ ಕಾಣುವಷ್ಟು ದೂರ ನೋಡುತ್ತಾರೆ. ದರ್ಜಿಯೂ ನೋಡುತ್ತಾರೆ. ಆಮೇಲೆ ಬಾಲಂಗೋಚಿ ತಮ್ಮ ಕೊರಳಿನ ಬಿಲ್ಲೆ ತೆಗೆಯುತ್ತಾರೆ.

"ಯಾರೂ ಇಲ್ಲ ಅಣ್ಣ. ಎಲ್ಲರೂ ಬಂದ್ರು."