ಅವಳ ಬಿಲ್ಲೆ ಕರಗಲಿಲ್ಲ

ಮುರಿದ ಮೂಳೆಗೆ ಹಾಕುವ ಸ್ಕ್ರೂ, ಮೂಳೆ ಕೂಡುವ ತನಕ ಗಟ್ಟಿಯಾಗಿದ್ದು ಆಮೇಲೆ ಮೈಯಲ್ಲೇ ಕರಗಬೇಕು. ಅಂಥ ಲೋಹ ಮಾಡುವುದು ಹೊಸೂರಿನ ನಮ್ಮ ಲ್ಯಾಬಿನ ಕೆಲಸ. ಮೆಗ್ನೀಸಿಯಮ್ಮಿಗೆ ಖನಿಜದ ಪುಡಿ ಬೆರೆಸಿ ನಾನೊಂದು ಬಿಲ್ಲೆ ಮಾಡಿದ್ದೆ, ನನ್ನ ಜೊತೆ ಕೆಲಸ ಮಾಡುವ, ಪಕ್ಕದ ಬೇರಿಕೆ ಊರಿನ ಹುಡುಗಿ ಇನ್ನೊಂದು. ಎರಡನ್ನೂ ಉಪ್ಪುನೀರಿನಲ್ಲಿ ಮುಳುಗಿಸಿಟ್ಟೆವು. ನಿಧಾನವಾಗಿ ಕರಗುವ ಬಿಲ್ಲೆ ಮೊಲದ ಮೇಲಿನ ಪರೀಕ್ಷೆಗೆ ಹೋಗುತ್ತದೆ.

ನನ್ನದು ಸೋಡಾದಂತೆ ಬುಸುಗುಟ್ಟಿ ವಾರದಲ್ಲೇ ಅರ್ಧವಾಯಿತು. ಅವಳದು ಹೊಳೆಯುತ್ತಿತ್ತು. ನನ್ನ ಬಿಲ್ಲೆಯ ಬುಸುಬುಸು, ಲ್ಯಾಬ್ ನಡೆಸುವ ಸರ್ ಅವಳನ್ನು ಹೊಗಳುವ ದನಿ, ಎಲ್ಲವನ್ನೂ ಅಣಕಿಸಿ ಕ್ಯಾಂಟೀನನ್ನು ನಗಿಸಿದೆ. ಹೊಟ್ಟೆಯುರಿ ಮಾತ್ರ ಆರಲಿಲ್ಲ.

ಒಂದು ವಾರ ಊರಿಗೆ ಹೊರಟವಳು, "ಎರಡು ದಿನಕ್ಕೊಂದ್ಸಲ ನನ್ ನೀರೂ ಬದ್ಲಾಯ್ಸು ಕಣ್ಲಾ" ಎಂದಳು. ನಾನು ಬದಲಾಯಿಸಲಿಲ್ಲ. ಹಳೇ ನೀರಿನಲ್ಲಿ ಹಾಳಾಗಲಿ ಎಂದುಕೊಂಡೆ.

ಓದಿದ್ದನ್ನು ಮರೆತಿದ್ದೆ. ಹಳೇ ನೀರು ಕ್ಷಾರವಾಗಿ, ಬಿಲ್ಲೆಯ ಮೇಲೆ ಪೊರೆ ಕಟ್ಟಿ, ಕರಗುವುದೇ ನಿಲ್ಲುತ್ತದೆ. ತೂಗಿದರೆ ಅವಳದು ಚೂರೂ ಇಳಿದಿರಲಿಲ್ಲ.

"ರೊಂಬ ಚೆನ್ನಾಗಿದೆಮ್ಮಾ" ಎಂದು ಸರ್ ತಮ್ಮ ತಮಿಳು ಬೆರೆಸಿ ಹಿಗ್ಗಿದರು.

ಅವಳ ಗೆಲುವು ಸುಳ್ಳೆನ್ನಲು ಮೊದಲು ನನ್ನ ಕಳ್ಳಾಟ ಹೇಳಬೇಕಿತ್ತು. ಹೇಳಿಯೇಬಿಟ್ಟೆ. ಪ್ರಾಮಾಣಿಕತೆಯಿಂದಲ್ಲ, ಅವಳ ನಗು ನೋಡಲಾಗದೆ.

ಪರೀಕ್ಷೆ ಮೊದಲಿನಿಂದ ಶುರುವಾಯಿತು. "ಈ ಸಲ ಎರಡ್ರ ನೀರೂ ನಾನೇ ಬದ್ಲಾಯ್ಸ್ತೀನಿ. ನೀನು ಆ ಕಡೆ ಕೂತ್ಕೋ" ಎಂದಳು. ನನ್ನ ಬಿಲ್ಲೆಯನ್ನೂ ತನ್ನದರಷ್ಟೇ ಜತನದಿಂದ ನೋಡಿಕೊಂಡಳು. ಆದರೂ ಅವಳದೇ ಗೆದ್ದು, ಒಂದು ಮೊಲದ ಮೂಳೆ ಸೇರಿತು.

ಆ ಮೊಲವನ್ನು ನೋಡಲು ನಾನು ಇನ್ನೂ ಹೋಗಿಲ್ಲ.