ಹಳ್ಳದಾಚೆಯ ಮೂರು ಮನೆ

ಸಿಂಗಪುರಕ್ಕೆ ಬಂದು ನಾನು ಮೊದಲು ಕಲಿತ ಊರು ಸಿಂಗಪುರವಲ್ಲ. ಕಣ್ಣಿಂದ ಕಂಡೇ ಇರದ, ಸ್ಲೊವೇನಿಯಾದ ಒಂದು ಗುಡ್ಡಗಾಡು ಪಂಚಾಯಿತಿ. ಸಿಂಗಪುರದ ಬ್ಯೂನಾ ವಿಸ್ಟಾ ಬಡಾವಣೆಯ ಆಫೀಸಿನಲ್ಲಿ ಕೂತು ಅಲ್ಲಿನ ಆಂಬುಲೆನ್ಸ್‌ಗಳಿಗೆ ನಕ್ಷೆ ತಿದ್ದುವುದು ನನ್ನ ಕೆಲಸ. ಹೊರಗೆ ಬೆವರಿಳಿಸುವ ಧಗೆ, ಪರದೆಯ ಮೇಲೆ ಹಿಮ ಬಿದ್ದ ಗುಡ್ಡ. ಪ್ರೊಬೇಷನ್ ಮುಗಿಯುತ್ತಾ ಬಂದಿತ್ತು. ಕೆಲಸ ಕಾಯಂ ಆಗದಿದ್ದರೆ ಇಲ್ಲಿರಲು ಕೊಟ್ಟ ಪಾಸ್ ರದ್ದಾಗಿ ಗಂಟುಮೂಟೆ ಕಟ್ಟಬೇಕು. ಅದೆಲ್ಲ ನಾನು ತಿದ್ದಿದ ನಕ್ಷೆ ನಂಬಿ ಆಂಬುಲೆನ್ಸ್ ಓಡಿಸಿ ನೋಡುವ ಆ ಮಧ್ಯಾಹ್ನದ ಪರೀಕ್ಷೆಯ ಮೇಲೆ ನಿಂತಿತ್ತು.

ಬಿಶಾನ್‌ನಲ್ಲಿ ನಾವಿರುವ ಬಹುಮಹಡಿ ಬ್ಲಾಕ್‌ನಲ್ಲಿ ನಮ್ಮ ಕಡೆಯ ಒಂದು ಹಳ್ಳಿಯಷ್ಟು ಜನ. ಆದರೂ ಅದಕ್ಕೆ ಹೆಸರಿಲ್ಲ, ಬರೀ ನಂಬರು. ಸ್ಲೊವೇನಿಯಾದಲ್ಲೋ, ಮೂರೇ ಮನೆಯಿದ್ದರೂ ಸ್ವಂತ ಹೆಸರು, ಊರೆಂಬ ಬಿಂಕ. ನಾನು ಮಂಡ್ಯದ ಕಡೆಯವಳು. ನಮ್ಮಲ್ಲಿ ಊರಾಚೆ ನಾಲ್ಕು ಮನೆ ಎದ್ದರೆ ಅದು ಕೊಪ್ಪಲು, ಕಾಗದದಲ್ಲಿ ದೊಡ್ಡ ಊರಿನ ಬಾಲ. ಅದೇ ಲೆಕ್ಕದಲ್ಲಿ ಬ್ರೇಗ್ ಎಂಬ ಮೂರು ಮನೆಗಳನ್ನು ಪಕ್ಕದ ಡೋಲ್ ಊರಿಗೆ ಸೇರಿಸಿಬಿಟ್ಟಿದ್ದೆ.

ರೋಗಿಯ ಪಾತ್ರಕ್ಕೆ ಬ್ರೇಗ್‌ನ ಅಜ್ಜಿಯೊಬ್ಬಳು ಒಪ್ಪಿದ್ದಳು. ನನ್ನ ಪರದೆಯಲ್ಲಿ ಆಂಬುಲೆನ್ಸಿನ ಕೆಂಪು ಚುಕ್ಕೆ ಡೋಲ್ ಚರ್ಚಿನ ಮುಂದೆ ಹೋಗಿ ನಿಂತಿತು. ಅಲ್ಲಾಡಲಿಲ್ಲ. ಎದುರಿಗೇ ಅಜ್ಜಿಯ ಮನೆ, ನಡುವೆ ಸೇತುವೆಯಿಲ್ಲದ ಆಳದ ಹಳ್ಳ. ದಾರಿಯಿದ್ದದ್ದು ಗುಡ್ಡದ ಆ ಬದಿಯಿಂದ. ಅಲ್ಲಿನ ಪಂಚಾಯಿತಿಯ ಮಾರ್ಯೆತಾ ಫೋನಿನಲ್ಲಿ ಕೂಗಾಡಲಿಲ್ಲ. ಬ್ರೇಗ್‌ನವರನ್ನು ಸತ್ತಮೇಲೂ ಡೋಲ್‌ನಲ್ಲಿ ಮಣ್ಣು ಮಾಡುವುದಿಲ್ಲ, ಅವರು ಬದುಕಿರುವಾಗಲೇ ನೀವು ಅಲ್ಲಿಗೆ ಸೇರಿಸಿದಿರಿ ಎಂದಳಷ್ಟೇ.

ನನ್ನ ಟೀಮ್ ಲೀಡ್ ಸಹನಾ ಇಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ.

"ಆಂಟಿ, ನಾಳೆ ರೀಟೆಸ್ಟ್ ಕೊಡ್ತಾರಂತೆ. ಲಾಸ್ಟ್ ಚಾನ್ಸ್ ಲಾ," ಎಂದಳು, ಇಲ್ಲಿಯವರಂತೆ ಮಾತಿನ ಕೊನೆಗೊಂದು 'ಲಾ' ಸೇರಿಸಿ.

ಒಂದೊಂದು ಇಳಿಜಾರಿನ ಮನೆಗಳ ಹೆಸರನ್ನೂ ದಾರಿಯನ್ನೂ ಮಾರ್ಯೆತಾಳನ್ನೇ ಕೇಳಿ ತಿದ್ದಿದೆ. ಮರುದಿನ ಚುಕ್ಕೆ ಗುಡ್ಡ ಸುತ್ತಿತು, ತಿರುವಿನಲ್ಲೊಮ್ಮೆ ನಿಂತು ಜೀವ ಬಾಯಿಗೆ ತಂದಿತು, ಕೊನೆಗೆ ಅಜ್ಜಿಯ ಬಾಗಿಲು ಮುಟ್ಟಿತು. ನನಗೆ ಅಳು ಬಂತು.

ಕೆಲಸ ಕನ್ಫರ್ಮ್ ಆಗುತ್ತದೆ, ಊರಿಗೆ ಫೋನ್ ಮಾಡಿ ಹೇಳಿ ಎಂದ ಸಹನಾ, ನಿಮ್ಮೂರು ಮೈಸೂರೇ ಅಲ್ವಾ ಎಂದು ಕೇಳಿದಳು. ಬಂದಾಗಿನಿಂದ ಎಲ್ಲರಿಗೂ ಹಾಗೇ ಹೇಳುತ್ತಿದ್ದೆ. ಅವತ್ತು ಹಾಗನ್ನಲು ನಾಲಿಗೆ ಹೊರಳಲಿಲ್ಲ. ಚಿಕ್ಕಕೊಪ್ಪಲು ಎಂದೆ. ಅವಳು ಫೋನಿನ ನಕ್ಷೆಯಲ್ಲಿ ಹುಡುಕಿದಳು.

"ಇಲ್ವಲ್ಲ ಆಂಟಿ. ಪಕ್ಕದ ದೊಡ್ಡೂರು ಮಾತ್ರ ತೋರಿಸ್ತಿದೆ."

"ಇದೆ," ಎಂದು ನಾಲೆಯ ಆಚೆ ದಡದಲ್ಲಿ ಬೆರಳಿಟ್ಟೆ. ಅಲ್ಲಿ ಬರೀ ಹಸಿರು ಬಣ್ಣವಿತ್ತು.