ನಂಬರು ಬೀಳದ ಮನೆ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯೆಂದರೆ ಒಂದು ಹಳೆಯ ಎಮ್ಮೆಕೊಟ್ಟಿಗೆ. ನಜರ್‌ಬಾದಿನ ದೊಡ್ಡ ಮನೆಯೊಂದರ ಹಿತ್ತಿಲಲ್ಲಿತ್ತು. ಅಪ್ಪ ಹಳ್ಳಿ ಬಿಟ್ಟು ಬಂದು ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು. ಅವ್ವ ಇರಲಿಲ್ಲ. ಹುಲ್ಲು ಹಾಕುವ ಗೋದಲಿಯ ಮೇಲೆ ಹಲಗೆ ಹಾಸಿ ಅಕ್ಕ ಪಾತ್ರೆ ಜೋಡಿಸಿದ್ದಳು. ದೊಡ್ಡ ಮನೆಯ ಯಜಮಾನರಿಗೆ ತಿಂಗಳು ತಿಂಗಳು ಬಾಡಿಗೆ ಕೊಡುತ್ತಿದ್ದೆವು.

ಮನೆ ಎಣಿಸುವ ಗುಮಾಸ್ತರು ಬರುತ್ತಾರೆಂದು ಸುದ್ದಿಯಾಯಿತು. ಎಷ್ಟು ಜನ, ಏನು ಸಂಪಾದನೆ, ಎಂಥ ಗೋಡೆ ಎಂದು ಕೇಳಿ ಬರೆದುಕೊಂಡು, ಬಾಗಿಲ ಪಕ್ಕದಲ್ಲಿ ಕಪ್ಪು ಬಣ್ಣದ ನಂಬರು ಹಾಕಿ ಹೋಗುತ್ತಿದ್ದರು. ನಂಬರಿದ್ದವರಿಗೆ ರೇಷನ್ ಕಾರ್ಡು. ಕಾರ್ಡಿಗೆ ಅಕ್ಕಿ, ಸಕ್ಕರೆ, ಸೀಮೆಎಣ್ಣೆ. ಅಕ್ಕ ಹಿಂದಿನ ದಿನವೇ ಗೋಡೆಗೆ ಸುಣ್ಣ ಬಳಿದಳು.

ಬೆಳಿಗ್ಗೆ ಯಜಮಾನರು ಎರಡು ಎಮ್ಮೆ ಹಿಡಿದು ತಂದು ನಮ್ಮ ಮನೆಯೊಳಗೆ ಕಟ್ಟಿದರು. ನಂಬರು ಬಿದ್ದರೆ ಅದಕ್ಕೂ ಕಂದಾಯ ಕಟ್ಟಬೇಕಾಗುತ್ತದೆಂಬುದು ಅವರ ಚಿಂತೆ.

"ಕೊಟ್ಟಿಗೆ ಅಂತ ಹೇಳ್ಬೇಕು ಕಣೋ. ಇಲ್ಲಾಂದ್ರೆ ಸಾಯಂಕಾಲಕ್ಕೇ ಗಂಟುಮೂಟೆ ಕಟ್ಕೊ," ಎಂದು ಅಪ್ಪನಿಗೆ ಹೇಳಿದರು.

ಒಂದು ಎಮ್ಮೆ ನಮ್ಮ ಚಾಪೆಯ ಮೇಲೆ ಸಗಣಿ ಹಾಕಿತು. ಗಂಜಲ ಒಲೆಯ ಬುಡದವರೆಗೆ ಹರಿಯಿತು. ಇನ್ನೊಂದು ರಾಗಿಹಿಟ್ಟಿನ ಮಡಕೆಗೆ ಮೂತಿ ತೂರಿಸಿ ಜೊಲ್ಲು ಸುರಿಸಿತು. ನಾನು ಹೊರಗೆ ಓಡಿ ವಾಂತಿ ಮಾಡಿಕೊಂಡೆ.

ಗುಮಾಸ್ತರು ಮುಂದಿನ ಜಗಲಿಯಲ್ಲಿ ಯಜಮಾನರ ಕಾಫಿ ಕುಡಿದು, ಮೂಗಿಗೆ ಕರವಸ್ತ್ರ ಒತ್ತಿಕೊಂಡು ಹಿಂದಕ್ಕೆ ಬಂದರು. ಅಕ್ಕ ಅಡ್ಡ ನಿಂತಳು.

"ಸಾ, ಇದು ನಮ್ಮನೆ. ಎಮ್ಮೆನ ಈಗ ತಂದು ಕಟ್ಬುಟ್ಟವ್ರೆ."

"ಸುಮ್ಕಿರಮ್ಮಿ!" ಯಜಮಾನರು ಗದರಿದರು. "ಇವ್ರಪ್ಪ ನಮ್ಮ ಎಮ್ಮೆ ನೋಡ್ಕೊಳೋನು ಕಣ್ರೀ."

"ಎಮ್ಮೆ ಏನ್ ಮುದ್ದೆ ತಿರುವ್ತದಾ? ಒಲೆ ಮುಟ್ ನೋಡಿ ಸಾ, ಇನ್ನೂ ಬಿಸಿ ಐತೆ."

ಗುಮಾಸ್ತರು ಒಲೆ ನೋಡಿದರು. ಗೂಟದಲ್ಲಿದ್ದ ನನ್ನ ಅಂಗಿ, ಮೂಲೆಯಲ್ಲಿದ್ದ ಸ್ಲೇಟು ಎಲ್ಲವನ್ನೂ ನೋಡಿದರು. ಆಮೇಲೆ ಅಪ್ಪನ ಕಡೆ ತಿರುಗಿದರು.

"ನೀನೇನಪ್ಪ ಹೇಳ್ತೀಯ?"

ಅಪ್ಪ ಅಕ್ಕನ ಮುಖ ನೋಡಲಿಲ್ಲ. "ಕೊಟ್ಟಿಗೆ, ಬುದ್ಧಿ."

ಗುಮಾಸ್ತರು ಹಾಗೆಯೇ ಬರೆದುಕೊಂಡರು. ಬಣ್ಣದ ಡಬ್ಬಿಯ ಮುಚ್ಚಳ ತೆಗೆಯಲೂ ಇಲ್ಲ.

ಅಪ್ಪ ಚಾಪೆಯ ಮೇಲಿನ ಸಗಣಿಯನ್ನು ಬರಿಗೈಯಲ್ಲಿ ಬಾಚಿದರು. ಬೇರೆ ಹಿಟ್ಟಿರಲಿಲ್ಲ, ಅಕ್ಕ ಮೇಲಿನ ಒದ್ದೆ ಹಿಟ್ಟು ತೆಗೆದೆಸೆದು ಉಳಿದದ್ದರಲ್ಲೇ ಮುದ್ದೆ ತಿರುವಿದಳು. ಎಮ್ಮೆಯ ಉಸಿರು ಅದರಲ್ಲಿ ನಾರುತ್ತಿತ್ತು. ನಾವು ಮೂವರೂ ತಿಂದೆವು. ಕಾರ್ಡು ಸಿಗಲಿಲ್ಲ. ಸೀಮೆಎಣ್ಣೆಯನ್ನು ಅಕ್ಕ ಯಜಮಾನರ ಮನೆಯಿಂದಲೇ ಹೆಚ್ಚು ಬೆಲೆಗೆ ತರುತ್ತಿದ್ದಳು. ಕಣ್ಣಾರೆ ಕಂಡೂ ಸುಳ್ಳು ಬರೆದ ಆ ಕೈ ನೆನಪಾದರೆ ನನಗೆ ಇಂದಿಗೂ ಹೇಸಿಗೆಯಾಗುತ್ತದೆ.

ಮಕ್ಕಳೇ, ಈಗ ಕುವೆಂಪುನಗರದ ನಮ್ಮ ಮನೆಯಲ್ಲಿ ನಿಮಗೆ ಒಬ್ಬೊಬ್ಬರಿಗೆ ಒಂದೊಂದು ಕೋಣೆ. ಮೊನ್ನೆ ನೀವು ಫೋನಿನಲ್ಲಿ ಪಿನ್‌ಕೋಡ್ ಒತ್ತಿ, ನಮ್ಮ ಬಡಾವಣೆಯಲ್ಲಿ ಎಷ್ಟು ಜನ, ಎಷ್ಟು ಮನೆ, ಎಷ್ಟು ಆದಾಯ ಎಂದು ಓದಿ ಹೇಳಿದಿರಿ. ಕೆಳಗೆ ನೀರಿನ ಪಂಪಿನ ಕೋಣೆಯಲ್ಲಿ ಕಾವಲುಗಾರನ ಸಂಸಾರವಿದೆಯಲ್ಲ, ಅಲ್ಲಿ ಎಷ್ಟು ಜನ ಎಂದು ಕೇಳಿದೆ. ನಿಮಗೆ ಯಾರಿಗೂ ಗೊತ್ತಿರಲಿಲ್ಲ.

ನನಗೂ ಗೊತ್ತಿರಲಿಲ್ಲ.